ವಿಶ್ವವಿದ್ಯಾಲಯದ ನಾಟಕ ಮತ್ತು ನೃತ್ಯ ಪ್ರದರ್ಶನಗಳನ್ನು ಉತ್ತರ ಕನ್ನಡಕ್ಕೆ ತರುವುದಾದರೆ ಯಾವಾಗ, ಯಾವುದನ್ನು?

ಪ್ರಶ್ನೆ: ಶಿರಸಿ ಮೂಲದ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವಳು, ಸದ್ಯ ಜಿಲ್ಲೆಯ ಹೊರಗಿನ ವಿಶ್ವವಿದ್ಯಾಲಯವೊಂದರ ರಂಗಭೂಮಿ ಮತ್ತು ನೃತ್ಯ ವಿಭಾಗದಲ್ಲಿ ಪಾಠ ಮಾಡುತ್ತಿದ್ದೇನೆ. ನಮ್ಮ ವಿಭಾಗ ಪ್ರತಿ ವರ್ಷ ಒಂದು ದೊಡ್ಡ ನಾಟಕವನ್ನು, ಒಂದು ನೃತ್ಯಪ್ರಯೋಗವನ್ನು ಮತ್ತು ಕೊನೆಯ ವರ್ಷದ ವಿದ್ಯಾರ್ಥಿಗಳೇ ನಿರ್ದೇಶಿಸುವ ಕೆಲವು ಕಿರುನಾಟಕಗಳನ್ನು ಸಿದ್ಧಪಡಿಸುತ್ತದೆ. ಇದುವರೆಗೆ ಇವೆಲ್ಲ ನಮ್ಮ ಆವರಣದ ಸಭಾಂಗಣದಲ್ಲಿ, ಬಹುಮಟ್ಟಿಗೆ ನಮ್ಮವರ ಎದುರಿಗೇ ನಡೆದು ಮುಗಿಯುತ್ತಿದ್ದವು. ಬರುವ ವರ್ಷದ ಪ್ರದರ್ಶನಗಳನ್ನು ಕಾರವಾರ, ಕುಮಟಾ, ಹೊನ್ನಾವರ ಮತ್ತು ಶಿರಸಿಗೆ ಒಯ್ಯಬೇಕೆಂದು ವಿಭಾಗದ ಸಭೆಯಲ್ಲಿ ತೀರ್ಮಾನವಾಗಿದ್ದು, ಆ ಕಡೆಯವಳೆಂಬ ಕಾರಣಕ್ಕೆ ಅದರ ಹೊಣೆ ನನಗೆ ಬಂದಿದೆ.

ದೊಡ್ಡ ನಾಟಕಕ್ಕೆ ರವೀಂದ್ರನಾಥ ಠಾಕೂರರ ‘ಪ್ರಕೃತಿರ್ ಪ್ರತಿಶೋಧ್’ ಹೆಚ್ಚುಕಡಿಮೆ ನಿಶ್ಚಯವಾಗಿದೆ. ಕಾರವಾರದಲ್ಲಿಯೇ ಹುಟ್ಟಿದ ನಾಟಕವನ್ನು ಕಾರವಾರದವರ ಎದುರಿಗೆ ಆಡುವ ಆಸೆ ನಮ್ಮದು. ಆದರೂ ಸಹೋದ್ಯೋಗಿಗಳಲ್ಲಿ ಒಬ್ಬರು, ಗಿರೀಶ ಕಾರ್ನಾಡರ ‘ಹಯವದನ’ವನ್ನು ಆರಿಸಿದರೆ ಜನ ಹೆಚ್ಚು ಸೇರುತ್ತಾರೆ ಎನ್ನುತ್ತಿದ್ದಾರೆ. ನೃತ್ಯಪ್ರಯೋಗದ ವಿಚಾರದಲ್ಲಿ ನನಗೆ ಹೆಚ್ಚಿನ ಅಳುಕಿದೆ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಒಂದು ತುಣುಕು, ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ, ಆಫ್ರಿಕಾ ಮೂಲದ ಸಿದ್ದಿಯರ ಡಮಾಮಿ ಎಂಬ ಕುಣಿತ ಇವನ್ನೆಲ್ಲ ಪೋಣಿಸಿ ಒಂದೂವರೆ ಗಂಟೆಯ ಕಾರ್ಯಕ್ರಮವೊಂದನ್ನು ನಮ್ಮ ಭರತನಾಟ್ಯದ ವಿದ್ಯಾರ್ಥಿಗಳಿಂದ ಮಾಡಿಸಬೇಕೆಂಬ ಪ್ರಸ್ತಾಪ ಸಭೆಯ ಮುಂದಿದೆ. ಇದು ಯೋಗ್ಯವೇ? ಯಾವ ತಿಂಗಳಲ್ಲಿ ಬರಬೇಕು? ರಂಗಸ್ಥಳಗಳ ಬಗ್ಗೆ ಮೊದಲೇ ತಿಳಿದಿರಬೇಕಾದದ್ದೇನು? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ಕುಮಟಾದ ನಿವೃತ್ತ ಉಪನ್ಯಾಸಕ

ಮೇಡಂ, ನಾನು ತಿಂಗಳಿನ ವಿಚಾರವನ್ನಷ್ಟೇ ಹೇಳುತ್ತೇನೆ, ಏಕೆಂದರೆ ಹೊರಗಿನಿಂದ ಬರುವ ತಂಡಗಳು ಎಡವುವುದು ಹೆಚ್ಚಾಗಿ ಅಲ್ಲಿಯೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ಪ್ರದರ್ಶನದ ಮಾತೇ ಇಲ್ಲ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ ಮತ್ತು ಅದರ ಬಹುಪಾಲು ಈ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ತಗಡಿನ ಮಾಡಿನ ಸಭಾಭವನವಾದರೆ, ಜೋರು ಮಳೆ ಹಿಡಿದಾಗ ನಟ ಎಷ್ಟು ಕಂಠಶೋಷಣೆ ಮಾಡಿಕೊಂಡರೂ ಮಾತು ಮೂರನೆಯ ಸಾಲನ್ನು ದಾಟುವುದಿಲ್ಲ. ಆದರೆ ಮಳೆಗಾಲದಲ್ಲಿ ನಮ್ಮ ಜನ ಕಲೆಯನ್ನು ಮಡಿಸಿ ಅಟ್ಟಕ್ಕೆ ಹಾಕುತ್ತಾರೆಂದು ಭಾವಿಸಬೇಡಿ. ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ, ವೇಷವಿಲ್ಲದೆ, ಕುಣಿತವಿಲ್ಲದೆ, ಹಾಡು-ವಾದ್ಯಗಳ ಹಿಮ್ಮೇಳದ ಎದುರು ಕುಳಿತು ಮಾತಿನಲ್ಲಿಯೇ ಪ್ರಸಂಗ ಕಟ್ಟುವ ತಾಳಮದ್ದಳೆಗೆ ಇದೇ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರಿನ ಜನರೂ ಆಗ ಮನೆಯಲ್ಲಿರುತ್ತಾರೆ. ನಿಮ್ಮ ವಿದ್ಯಾರ್ಥಿಗಳ ಕಿರುನಾಟಕಗಳಿಗೆ ಹೆಚ್ಚಿನ ಪರಿಕರ ಬೇಕಿಲ್ಲವೆಂದಾದರೆ, ಅವುಗಳನ್ನು ಜುಲೈನಲ್ಲಿ ಶಾಲೆಯ ಕೊಠಡಿಗಳಲ್ಲಿ, ದೇವಸ್ಥಾನಗಳ ಗಟ್ಟಿ ಚಾವಣಿಯ ಪೌಳಿಗಳಲ್ಲಿ ಆಡಬಹುದು. ಪದವಿ ಪಡೆಯುವವರ ಪ್ರಯೋಗವೆಂದರೆ ಡಿಸೆಂಬರಿನಲ್ಲಿಯೇ ಆಗಬೇಕೆಂಬ ಕಟ್ಟುಪಾಡು ಏನಿದೆಯೋ ನನಗೆ ಅರ್ಥವಾಗಿಲ್ಲ.

ದೀಪಾವಳಿ ಕಳೆದು ಮೇಳಗಳು ಹೊರಟವೆಂದರೆ ಮೇ ತಿಂಗಳವರೆಗೆ ಒಂದಲ್ಲ ಒಂದು ಊರಿನಲ್ಲಿ ಆಟ ಇದ್ದೇ ಇರುತ್ತದೆ. ಶನಿವಾರ ರಾತ್ರಿ ಹೊನ್ನಾವರದಲ್ಲೋ ಕುಮಟಾದಲ್ಲೋ ಹೆಸರಾಂತ ಮೇಳದ ಆಟವಿದ್ದು, ಅದೇ ಸಂಜೆ ನೀವು ನಾಟಕ ಇಟ್ಟರೆ ಮುಂದಿನ ಸಾಲಿನಲ್ಲಿ ನಿಮ್ಮ ಹಳೆಯ ವಿದ್ಯಾರ್ಥಿಗಳಷ್ಟೇ ಕುಳಿತಿರುತ್ತಾರೆ. ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳಿ. ಘಟ್ಟದ ಮೇಲಿನ ಲೆಕ್ಕ ನಿಮಗೇ ಗೊತ್ತಿರುತ್ತದೆ: ನವೆಂಬರಿನಿಂದ ಜನವರಿಯವರೆಗೆ ಅಡಿಕೆ ಗೊನೆಗಳ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಆ ಅವಧಿಯಲ್ಲಿ ತೋಟದ ಮನೆಗಳಿಂದ ಯಾರೂ ಪೇಟೆಗೆ ನಾಟಕ ನೋಡಲು ಇಳಿಯುವುದಿಲ್ಲ. ಮಾರ್ಚ್ ಬಂತೆಂದರೆ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗಳು. ಮಕ್ಕಳಿರುವ ಮನೆಗಳಲ್ಲಿ ಟಿವಿಗೂ ಬೀಗ.

ಆದ್ದರಿಂದ ನನ್ನ ಸಲಹೆ, ಜನವರಿಯ ಕೊನೆಯ ವಾರದಿಂದ ಫೆಬ್ರವರಿಯ ನಡುಭಾಗದವರೆಗೆ ಕರಾವಳಿಯಲ್ಲಿ ಆಡಿಕೊಂಡು ಕೊನೆಗೆ ಶಿರಸಿಗೆ ಏರಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವರ್ಷವಾಗಿದ್ದರೆ ಮಾತ್ರ ದಿನಾಂಕವನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು. ಜಾತ್ರೆಯ ಕಾಲದಲ್ಲಿ ಶಿರಸಿಯಲ್ಲಿ ವೃತ್ತಿ ನಾಟಕ ಕಂಪನಿಗಳು ಡೇರೆ ಹಾಕುತ್ತವೆ, ಜನ ನಾಟಕ ನೋಡುವ ಹುರುಪಿನಲ್ಲಿಯೇ ಇರುತ್ತಾರೆ, ಆದರೆ ಆ ಹುರುಪು ನಿಮ್ಮ ಠಾಕೂರರ ನಾಟಕದ ಸಂನ್ಯಾಸಿಯ ಕಡೆಗೆ ತಿರುಗುತ್ತದೆಂಬ ನಂಬಿಕೆ ನನಗಿಲ್ಲ.

ಉತ್ತರ: ಹೊನ್ನಾವರದ ಹವ್ಯಾಸಿ ಮದ್ದಲೆಗಾರ

ಉಪನ್ಯಾಸಕರು ಹೇಳಿದ್ದು ಸರಿಯಾಗಿದೆ. ನಾನು ನೃತ್ಯದ ಪ್ರಸ್ತಾಪಕ್ಕೆ ಬರುತ್ತೇನೆ, ಮತ್ತು ಮೊದಲೇ ಸ್ಪಷ್ಟವಾಗಿ ಹೇಳುತ್ತೇನೆ: ದಯವಿಟ್ಟು ಬೇಡ.

ಯಕ್ಷಗಾನವನ್ನು ಹೊರಗಿನವರು ಮುಟ್ಟಬಾರದೆಂಬ ಮಡಿಯ ಮಾತನ್ನು ನಾನು ಆಡುತ್ತಿಲ್ಲ. ಕೆರೆಮನೆ ಶಂಭು ಹೆಗಡೆಯವರು ದೆಹಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆ ಕಲಿತು ಬಂದವರು. ಅವರ ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ಮುನ್ನಡೆಸುತ್ತ, ಆ ಕಲಿಕೆಯನ್ನು ರಂಗದ ಅಚ್ಚುಕಟ್ಟಿಗೆ, ಪಾತ್ರಗಳ ಚಲನೆಗೆ, ಸಮಯದ ಹಿಡಿತಕ್ಕೆ ಬಳಸಿದರು. ಗುಣವಂತೆಯಲ್ಲಿ ಅವರು ಆರಂಭಿಸಿದ ಶ್ರೀಮಯ ಯಕ್ಷಗಾನ ಕಲಾಕೇಂದ್ರದಲ್ಲಿ ಎಷ್ಟೋ ಮಂದಿ ಕಲಿತಿದ್ದಾರೆ. ಅಂದರೆ ನೃತ್ಯಶಾಲೆಗೂ ಯಕ್ಷಗಾನಕ್ಕೂ ಕೊಡುಕೊಳೆ ನಮ್ಮ ತಾಲೂಕಿನಲ್ಲಿಯೇ ಬಹಳ ಹಿಂದೆ ಆಗಿದೆ. ಆದರೆ ಅಲ್ಲಿ ಒಬ್ಬ ಪಳಗಿದ ಯಕ್ಷಗಾನ ಕಲಾವಿದ ಹೊರಗಿನ ವಿದ್ಯೆಯನ್ನು ತನ್ನ ಮೈಗೆ ಒಗ್ಗಿಸಿಕೊಂಡರು. ನಿಮ್ಮಲ್ಲಿ ಅದು ತಿರುವುಮುರುವಾಗಿ, ಅದೂ ಒಂದು ಸೆಮಿಸ್ಟರಿನಲ್ಲಿ, ಆಗಬೇಕಾಗಿದೆ.

ತೊಡಕು ಎಲ್ಲಿದೆಯೆಂಬುದನ್ನು ಮದ್ದಲೆಯ ಕಡೆಯಿಂದ ಹೇಳುತ್ತೇನೆ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ ಎಂಬ ಹೆಸರುಗಳನ್ನು ಕೇಳಿದಾಗ ಶಾಸ್ತ್ರೀಯ ಸಂಗೀತ ಬಲ್ಲ ವಿದ್ಯಾರ್ಥಿ ತನಗೆ ಇವೆಲ್ಲ ಗೊತ್ತೆಂದುಕೊಳ್ಳುತ್ತಾನೆ. ಹೆಸರು ಒಂದೇ ಆದರೂ ಯಕ್ಷಗಾನದಲ್ಲಿ ಅವುಗಳ ನಡೆ, ಬಿಡ್ತಿಗೆ (ನುಡಿಸುವ ಪೆಟ್ಟುಗಳ ಜೋಡಣೆ), ಮುಕ್ತಾಯ ಬೇರೆಯೇ. ಅದಕ್ಕಿಂತ ಮುಖ್ಯವಾಗಿ, ಕುಣಿತ ಎಲ್ಲಿ ಬೆಳೆಯಬೇಕು, ಎಲ್ಲಿ ಪದ್ಯವನ್ನು ಇನ್ನೊಮ್ಮೆ ಎತ್ತಬೇಕು ಎಂಬುದನ್ನು ಹಾಡಿ ಆಟ ನಡೆಸುವ ಭಾಗವತರು ಆ ಕ್ಷಣದಲ್ಲಿ ನಿರ್ಧರಿಸುತ್ತಾರೆ. ವೇಷಧಾರಿ ಅದನ್ನು ಅವರ ಕೈತಾಳದ ಪೆಟ್ಟಿನಿಂದಲೇ ತಿಳಿಯಬೇಕು. ಧ್ವನಿಮುದ್ರಿತ ಹಿಮ್ಮೇಳಕ್ಕೆ ಎಣಿಸಿ ಕುಣಿಯುವವರಿಗೆ ಈ ಸಂವಾದ ಸಿಗುವುದಿಲ್ಲ. ಮೇಲಾಗಿ ಅದು ಬರಿಯ ಕುಣಿತವಲ್ಲ, ಕುಣಿತದ ಬೆನ್ನಿಗೆ ಅರ್ಥ ಹೇಳಬೇಕು, ಅದೂ ಬಾಯಿಪಾಠವಲ್ಲದ ಮಾತಿನಲ್ಲಿ. ಹೊನ್ನಾವರದ ಪ್ರೇಕ್ಷಕರು ಹೆಸರಾಂತ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು, ದುಷ್ಟಬುದ್ಧಿಯನ್ನು ಕಣ್ತುಂಬಿಕೊಂಡವರು. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಬಾಡಿಗೆಗೆ ತಂದು ಮಕ್ಕಳಿಗೆ ಕಟ್ಟಿ ನಿಲ್ಲಿಸಿದರೆ ಚಪ್ಪಾಳೆ ಬರುತ್ತದೆ, ಇಲ್ಲವೆನ್ನುವುದಿಲ್ಲ. ಅದು ನೆಂಟರ ಮನೆಯ ಮಗು ಹಾಡಿದಾಗ ತಟ್ಟುವ ಚಪ್ಪಾಳೆ.

ನಿಜವಾಗಿ ಕಲಿಸಬೇಕೆಂದಿದ್ದರೆ, ಒಬ್ಬ ಭಾಗವತರನ್ನೂ ಒಬ್ಬ ನಾಟ್ಯಗುರುವನ್ನೂ ವರ್ಷಪೂರ್ತಿ ವಿಭಾಗಕ್ಕೆ ಕರೆಸಿಕೊಳ್ಳಿ. ಮೊದಲ ವರ್ಷ ಪ್ರದರ್ಶನದ ಗೊಡವೆಯೇ ಬೇಡ. ಎರಡನೆಯ ವರ್ಷ ಒಂದು ಒಡ್ಡೋಲಗವನ್ನೋ (ಪಾತ್ರಗಳ ಪ್ರವೇಶದ ಕುಣಿತ) ಸಣ್ಣ ಪ್ರಸಂಗವನ್ನೋ, ಎದುರಿಗೆ ಕುಳಿತ ಹಿಮ್ಮೇಳದೊಂದಿಗೆ, ಆಡಿಸಿ. ಆಗ ನಾನೇ ಮದ್ದಲೆ ಹಿಡಿದು ಬರುತ್ತೇನೆ.

ಉತ್ತರ: ಅಂಕೋಲಾದಿಂದ

ಸುಗ್ಗಿಯ ಬಗ್ಗೆ ಎರಡು ಮಾತು. ಸುಗ್ಗಿ ಕುಣಿತ ಹೋಳಿ ಹುಣ್ಣಿಮೆಯ ಸುತ್ತಮುತ್ತ, ಹಾಲಕ್ಕಿ ಒಕ್ಕಲಿಗರ ಕೇರಿಗಳಾದ ಕೊಪ್ಪಗಳಿಂದ ಹೊರಟು ಮನೆಮನೆಯ ಅಂಗಳಕ್ಕೆ ಬರುವ ಕುಣಿತ. ತಲೆಯ ಮೇಲಿನ ತುರಾಯಿ ಕಟ್ಟುವುದರಿಂದ ಹಿಡಿದು ಕೊನೆಯವರೆಗೆ ಅದಕ್ಕೆ ಹರಕೆ, ನೇಮ, ಕ್ರಮಗಳಿವೆ. ಅದನ್ನು ಫೆಬ್ರವರಿಯಲ್ಲಿ ರಂಗಮಂದಿರದ ಮೇಲೆ, ಬೇರೆ ಊರಿನ ಹುಡುಗಿಯರು ಗುಲಾಬಿ ಬಣ್ಣದ ಬೆಳಕಿನಲ್ಲಿ ಕುಣಿದರೆ ಏನನ್ನು ತೋರಿಸಿದಂತಾಯಿತು? ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಹಾಲಕ್ಕಿ ಹಾಡುಗಳ ಸುದ್ದಿ ರಾಜ್ಯಕ್ಕೆಲ್ಲ ತಲುಪಿತು; ಆದರೆ ಅವರ ಬಾಯಿಂದ ಆ ಹಾಡುಗಳನ್ನು ಕೂತು ಕಲಿತವರು ಕಡಿಮೆ. 2025ರಲ್ಲಿ ಅವರು ತೀರಿಕೊಂಡರು. ಹಾಡು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕಲಾವಿದರೆಂದು ಆಮಂತ್ರಿಸಿ, ಸಂಭಾವನೆ ಗೊತ್ತುಪಡಿಸಿ, ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಹಾಕಿ, ನಿಮ್ಮ ವಿದ್ಯಾರ್ಥಿಗಳು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ನೋಡಲಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಯರ ಡಮಾಮಿಗೂ ಇದೇ ಮಾತು. ಸಿದ್ದಿಯರು ಸ್ವತಃ ನಾಟಕ ಆಡುವವರು. ಅವರ ಪರವಾಗಿ ಇನ್ನೊಬ್ಬರು ಕುಣಿಯುವ ಅಗತ್ಯವಿಲ್ಲ.

ಇನ್ನೊಂದು ಎಚ್ಚರಿಕೆ. ಮಡಕೆಯಂಥ ಚರ್ಮವಾದ್ಯವಾದ ಗುಮಟೆಯನ್ನು ಬಳಸುವ ಆಲೋಚನೆಯಿದ್ದರೆ ಅದರ ಚರ್ಮ ಯಾವುದೆಂದು ವಿಚಾರಿಸಿಯೇ ತೆಗೆದುಕೊಳ್ಳಿ. ಮಣ್ಣಿನ ಗುಮಟೆಯ ಬಾಯಿಗೆ ಹಿಂದೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಉಡ ಇರುವುದರಿಂದ ಅಂಥ ವಾದ್ಯ ವಿಶ್ವವಿದ್ಯಾಲಯದ ಪರಿಕರಗಳ ಪಟ್ಟಿಯಲ್ಲಿ ಕಾಣಿಸಿಕೊಂಡರೆ ಅಪರಾಧದ ಪ್ರಶ್ನೆ ಏಳುತ್ತದೆ. ಈಗ ಆಡಿನ ಚರ್ಮದ ಗುಮಟೆ ಸಿಗುತ್ತದೆ. ಪಕ್ಕದ ಗೋವಾದಲ್ಲಿ 2019ರಲ್ಲಿ ಇದೇ ವಾದ್ಯವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿದ ಮೇಲೆ ಅಲ್ಲಿಯೂ ಬಳಕೆಯಲ್ಲಿರುವುದು ಆಡಿನ ಚರ್ಮವೇ.

ಉತ್ತರ: ಕಾರವಾರದ ಓದುಗ

ಠಾಕೂರರ ನಾಟಕವನ್ನು ಕೈಬಿಡಬೇಡಿರೆಂದು ಕೇಳಿಕೊಳ್ಳುತ್ತೇನೆ. ನಮ್ಮೂರಿನ ಕಡಲತೀರಕ್ಕೆ ಅವರ ಹೆಸರಿದೆ, ಆದರೆ ಅವರು ಇಲ್ಲಿ ಬರೆದ ನಾಟಕದಲ್ಲಿ ಏನಿದೆಯೆಂದು ಕೇಳಿದರೆ ಉತ್ತರಿಸುವವರು ಬೆರಳೆಣಿಕೆಯಷ್ಟು. ಅವರ ಅಣ್ಣ ಸತ್ಯೇಂದ್ರನಾಥರು ಬ್ರಿಟಿಷರ ಕಾಲದ ಆಡಳಿತ ಸೇವೆಯಾದ ಐಸಿಎಸ್ ಸೇರಿದ ಮೊದಲ ಭಾರತೀಯರು. ಆಗ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದ ಕಾರವಾರದಲ್ಲಿ ಅವರು ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ಹರೆಯದ ರವೀಂದ್ರರು ಅವರಲ್ಲಿಗೆ ಬಂದು ತಂಗಿದ್ದರು. ಬೆಟ್ಟಗಳು ಸುತ್ತುವರಿದ ಬಂದರು, ಗಾಳಿಮರಗಳ ಸಾಲು, ಬೆಳದಿಂಗಳಿನಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿಬಂದದ್ದು ಇವೆಲ್ಲವನ್ನೂ ತಮ್ಮ ಜೀವನಸ್ಮೃತಿಯಲ್ಲಿ ಬರೆದಿರುವ ಅವರು, ತಮ್ಮ ಮುಂದಿನ ಬರವಣಿಗೆಗೆಲ್ಲ ಈ ನಾಟಕವನ್ನು ಪೀಠಿಕೆಯಂತೆ ಕಂಡಿದ್ದಾರೆ. ಅದರ ಕೆಲವು ಹಾಡುಗಳನ್ನು ಅವರು ರಚಿಸಿದ್ದು ಕಾರವಾರದಿಂದ ಹಿಂತಿರುಗುವಾಗ, ಹಡಗಿನ ಮೇಲೆ.

ಕಥೆ ಚಿಕ್ಕದು. ಗುಹೆಯಲ್ಲಿ ತಪಸ್ಸು ಮಾಡಿ ಲೋಕವನ್ನು ಗೆದ್ದೆನೆಂದುಕೊಂಡ ಸಂನ್ಯಾಸಿಯೊಬ್ಬ ಊರಿಗೆ ಬರುತ್ತಾನೆ. ಎಲ್ಲರೂ ಮೈಲಿಗೆಯೆಂದು ದೂರವಿಟ್ಟ ಅನಾಥ ಹುಡುಗಿಯೊಬ್ಬಳು ಅವನನ್ನು ಹಿಂಬಾಲಿಸುತ್ತಾಳೆ. ಅವಳ ಮೇಲೆ ಹುಟ್ಟಿದ ಮಮತೆಗೆ ಹೆದರಿ ಅವಳನ್ನು ತೊರೆದು ಹೋದವನು, ಮನಸ್ಸು ಕರಗಿ ಮರಳಿ ಬರುವಷ್ಟರಲ್ಲಿ ಅವಳು ಬದುಕಿರುವುದಿಲ್ಲ. ಆದರೆ ನಿಮ್ಮ ವಿಭಾಗಕ್ಕೆ ಬೇಕಾದದ್ದು ಇದರ ನಡುವಿನ ಬೀದಿಯ ದೃಶ್ಯಗಳು. ಹಳ್ಳಿಗರು, ವಾದಕ್ಕಿಳಿದ ಪಂಡಿತರು, ಹೂ ಮಾರುವವರು, ದಾರಿಹೋಕರು, ಹೀಗೆ ಸಾಲುಗಟ್ಟಿ ಬರುವ ಸಣ್ಣಸಣ್ಣ ಪಾತ್ರಗಳಿರುವುದರಿಂದ ಇಪ್ಪತ್ತು ವಿದ್ಯಾರ್ಥಿಗಳಿದ್ದರೂ ಎಲ್ಲರಿಗೂ ಕೆಲಸವಿದೆ. ಹಾಡುಗಳೂ ಇರುವುದರಿಂದ ನೃತ್ಯದ ವಿದ್ಯಾರ್ಥಿಗಳಿಗೆ ಬೇರೆ ಕಾರ್ಯಕ್ರಮವನ್ನೇ ಹುಡುಕಬೇಕಾಗಿಲ್ಲ. ಆ ಬೀದಿಯನ್ನು ಅವರ ಕೈಗೆ ಒಪ್ಪಿಸಿ, ತಾವು ಕಲಿತ ಭರತನಾಟ್ಯದಿಂದಲೇ ಅವರು ಅದನ್ನು ಕಟ್ಟಲಿ. ಸುಗ್ಗಿಯ ನಕಲಿಗಿಂತ ಅದನ್ನು ನೋಡಲು ನಾನು ಬರುತ್ತೇನೆ. 1917ರಲ್ಲಿ ಬಂದ ಇಂಗ್ಲಿಷ್ ರೂಪವನ್ನು ಮಾತ್ರ ಆಧಾರವಾಗಿಟ್ಟುಕೊಳ್ಳಬೇಡಿ, ಅದು ಬಹಳ ಸಂಕ್ಷಿಪ್ತ. ಬಂಗಾಳಿ ಬಲ್ಲವರನ್ನು ಹಿಡಿದು ಮೂಲದಿಂದಲೇ ಮಾಡಿಸಿ.

ಹಕ್ಕುಸ್ವಾಮ್ಯದ ಲೆಕ್ಕವೂ ನಿಮ್ಮ ಕಡೆಗಿದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1941ರಲ್ಲಿ ನಿಧನರಾದ ಠಾಕೂರರ ಕೃತಿಗಳು 2002ರಿಂದ ಎಲ್ಲರಿಗೂ ಮುಕ್ತ. ಅನುವಾದಕರ ಹಕ್ಕು ಬೇರೆಯೇ ಆದ್ದರಿಂದ ಸಿದ್ಧ ಅನುವಾದ ಬಳಸಿದರೆ ಅದರ ಅನುಮತಿ ಬೇಕು. ಕಾರ್ನಾಡರು ಬಾಲ್ಯ ಕಳೆದದ್ದು ಶಿರಸಿಯಲ್ಲಿ, ಯಕ್ಷಗಾನವನ್ನೂ ಕಂಪನಿ ನಾಟಕಗಳನ್ನೂ ನೋಡಿ ಬೆಳೆದವರು, ಹಾಗಾಗಿ ನಿಮ್ಮ ಸಹೋದ್ಯೋಗಿಯ ಆಯ್ಕೆ ತಪ್ಪೆನ್ನಲಾರೆ. ಆದರೆ ಅವರು 2019ರಲ್ಲಿ ತೀರಿಕೊಂಡರು. ‘ಹಯವದನ’ಕ್ಕೆ 2079ರ ಕೊನೆಯವರೆಗೆ ಹಕ್ಕಿದೆ. ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ವಿದ್ಯಾಸಂಸ್ಥೆಗಳಿಗೆ ಕೊಟ್ಟ ವಿನಾಯಿತಿ, ಪ್ರೇಕ್ಷಕರು ಆ ಸಂಸ್ಥೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಮತ್ತು ಅದರ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದಾಗ ಸಲ್ಲುತ್ತದೆ. ಊರೂರು ತಿರುಗಿ ಸಾರ್ವಜನಿಕರಿಗೆ ಆಡುವಾಗ, ಅದರಲ್ಲೂ ಟಿಕೆಟ್ ಇಟ್ಟಾಗ, ಲಿಖಿತ ಅನುಮತಿ ಪಡೆದೇ ಮುಂದುವರಿಯಬೇಕು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಬೀದಿಯ ದೃಶ್ಯಗಳನ್ನು ನೃತ್ಯದ ವಿದ್ಯಾರ್ಥಿಗಳಿಗೆ ಒಪ್ಪಿಸುವ ಸಲಹೆಯನ್ನು ಮುಂದಿನ ಸಭೆಯಲ್ಲಿ ಇಡುತ್ತೇನೆ. ಕಲಸುಮೇಲೋಗರದ ಕಾರ್ಯಕ್ರಮಕ್ಕೆ ಬದಲಾಗಿ ಆ ಹಣವನ್ನು ಅಂಕೋಲಾ ಮತ್ತು ಯಲ್ಲಾಪುರದ ಕಲಾವಿದರ ಸಂಭಾವನೆಗೆ ತೆಗೆದಿಡುವಂತೆಯೂ ಕೇಳುತ್ತೇನೆ. ಮದ್ದಲೆಗಾರರೇ, ನೀವು ಕೊಟ್ಟ ಮಾತನ್ನು ಬರೆದಿಟ್ಟುಕೊಂಡಿದ್ದೇನೆ. ಕಾರವಾರದಲ್ಲಿ ಮಯೂರವರ್ಮ ವೇದಿಕೆಯಲ್ಲಿ, ಕಡಲ ಎದುರಿಗೇ ನಾಟಕ ಆಡಿದರೆ ಹೇಗೆ? ವೇದಿಕೆಯ ಕೆಲಸ ಬಲ್ಲವರು ಯಾರಾದರೂ ಹೇಳುವಿರಾ?

ಉತ್ತರ: ಶಿರಸಿಯಲ್ಲಿ ಬೆಳಕಿನ ಕೆಲಸ ಮಾಡುವವ

ಮೇಡಂ, ಕಡಲ ಎದುರಿನ ವೇದಿಕೆ ಕರಾವಳಿ ಉತ್ಸವದಂಥ ದೊಡ್ಡ ಸಮಾರಂಭಕ್ಕೆ, ಧ್ವನಿವರ್ಧಕದ ಹಾಡಿಗೆ ಸರಿ. ಮೆಲುದನಿಯಲ್ಲಿ ಮಾತಾಡುವ ಸಂನ್ಯಾಸಿಗೆ ಅಲ್ಲಿ ಗಾಳಿಯೇ ಎದುರಾಳಿ. ಮೈಕಿನೊಳಗೆ ಗಾಳಿ ಹೊಕ್ಕು ಗುರ್ರೆನ್ನುತ್ತದೆ, ಬಟ್ಟೆಯ ಪರದೆ ಹಾಯಿಯಂತೆ ಉಬ್ಬುತ್ತದೆ. ಊರೊಳಗಿನ ಜಿಲ್ಲಾ ರಂಗಮಂದಿರದಲ್ಲಿ ಆಡಿ. ಕಡಲಿನ ಎದುರು ಆಡಲೇಬೇಕೆಂಬ ಹಟವಿದ್ದರೆ, ಬೆಳಗಿನ ಹೊತ್ತು ಹಾಡುಗಳ ಭಾಗವನ್ನಷ್ಟೇ, ಪರದೆಯಿಲ್ಲದೆ, ಮರಳ ಮೇಲೆ ಮಾಡಬಹುದು.

ಪ್ರಾರಂಭ ಆರೂವರೆಗೆ ಇರಲಿ. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ, ಅದಕ್ಕಿಂತ ಮೊದಲೇ ಹಳ್ಳಿಯ ಕೊನೆಯ ಬಸ್ಸು ಹೊರಟುಹೋಗುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರಗಳಿಗೆ ವಿದ್ಯಾರ್ಥಿಗಳನ್ನು ಕೊಂಕಣ ರೈಲಿನಲ್ಲಿ ಕರೆತರಬಹುದು. ಶಿರಸಿಗೆ ರೈಲಿಲ್ಲ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಬೇಕು. ಆದ್ದರಿಂದ ರಂಗಸಜ್ಜಿಕೆ ಬಿಚ್ಚಿ ಮಡಿಸುವಂಥದ್ದಾಗಿರಲಿ. ಗುಹೆಯನ್ನು ಪ್ಲೈವುಡ್ಡಿನಲ್ಲಿ ಕಟ್ಟುವ ಆಲೋಚನೆಯಿದ್ದರೆ ಇಂದೇ ಬಿಟ್ಟುಬಿಡಿ, ಒಂದು ದೀಪದ ಬೆಳಕಿನಿಂದಲೇ ಗುಹೆ ಮಾಡಬಹುದು. ಸಭಾಂಗಣ ಗೊತ್ತು ಮಾಡುವಾಗ ತ್ರೀ ಫೇಸ್ ಸಂಪರ್ಕ ಇದೆಯೇ, ಜನರೇಟರ್ ಬಾಡಿಗೆಯೊಳಗೇ ಬರುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಿ.

ಎಲ್ಲರೂ ಮರೆಯುವ ವಿಷಯ ನೆಲದ್ದು. ನಮ್ಮ ಕಡೆಯ ಸಭಾಭವನಗಳ ವೇದಿಕೆ ಹೆಚ್ಚಾಗಿ ಸಿಮೆಂಟಿನದು ಅಥವಾ ಟೈಲ್ಸಿನದು. ಬರಿಗಾಲಿನಲ್ಲಿ ಹೆಜ್ಜೆ ತಟ್ಟುವ ಭರತನಾಟ್ಯದವರು ಅಂಥ ನೆಲದ ಮೇಲೆ ಬೆಳಗ್ಗೆ ತಾಲೀಮು, ಸಂಜೆ ಪ್ರದರ್ಶನವೆಂದು ವಾರವಿಡೀ ಕುಣಿದರೆ ಮೊಣಕಾಲು ಹಿಮ್ಮಡಿಗಳು ಉಳಿಯುವುದಿಲ್ಲ. ಜಮಖಾನೆ ಹಾಸಿದರೆ ಜಾರುತ್ತದೆ, ಹೆಜ್ಜೆಯ ಸದ್ದೂ ಸಾಯುತ್ತದೆ. ಕೆಳಗೆ ರಬ್ಬರಿನ ಪಟ್ಟಿ ಅಂಟಿಸಿದ ಮರದ ಹಲಗೆಗಳನ್ನು ನಿಮ್ಮ ಲಾರಿಯಲ್ಲಿಯೇ ತನ್ನಿ. ಸಂಯೋಜನೆ ಆರಂಭಿಸುವ ಮೊದಲೇ ನಾಲ್ಕೂ ಊರಿನ ವೇದಿಕೆಗಳ ಅಳತೆ ತರಿಸಿಕೊಂಡು, ಅವುಗಳಲ್ಲಿ ಅತಿ ಚಿಕ್ಕದಕ್ಕೆ ಹೊಂದುವಷ್ಟೇ ಹಲಗೆ ಮಾಡಿಸಿ. ಅಳತೆ ತೆಗೆಯಲು ಜನ ಬೇಕಾದರೆ ಶಿರಸಿಯದ್ದನ್ನು ನಾನು ಕಳಿಸುತ್ತೇನೆ.